ಕಾಣದ ಕೆಲಸಕ್ಕೊಂದು ಪದಕ

ಕೇಳುಗರಿಗೆ ನಮಸ್ಕಾರ.

ನಮ್ಮಲ್ಲಿ ಪ್ರಶಸ್ತಿಗಳಿಗೆ ಬರವಿಲ್ಲ. ನವೆಂಬರ್ ಬಂತೆಂದರೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿಗಳ ಸುಗ್ಗಿ. ಸಾಹಿತಿಗಳಿಗೆ, ಕಲಾವಿದರಿಗೆ, ಕೃಷಿಕರಿಗೆ, ಆಟಗಾರರಿಗೆ ಸನ್ಮಾನ ನಡೆಯುವುದನ್ನು ಎಲ್ಲರೂ ನೋಡಿದ್ದೇವೆ. ಆ ಸಾಲಿನಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದು ಬಗೆಯ ದುಡಿಮೆಗಾರರಿದ್ದಾರೆ. ಓಪನ್ ಸೋರ್ಸ್, ಅಂದರೆ ಮುಕ್ತ ತಂತ್ರಾಂಶ ಬರೆಯುವವರು. ಅವರು ಬರೆದ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ದುಡ್ಡು ಕೊಡಬೇಕಿಲ್ಲ, ಅಪ್ಪಣೆ ಕೇಳಬೇಕಿಲ್ಲ. ಹಾಗೆ ಕೇಳಬೇಕಿಲ್ಲವಾದ್ದರಿಂದಲೇ ಬಳಸುವವರಿಗೆ ಬರೆದವರ ಹೆಸರೂ ಗೊತ್ತಿರುವುದಿಲ್ಲ. ಇಂಥವರನ್ನು ಹುಡುಕಿ ಪ್ರಶಸ್ತಿ ಕೊಡುವುದು ಹೇಗೆ? ಕೊಟ್ಟವರು ಹೇಗೆ ಕೊಟ್ಟಿದ್ದಾರೆ? ಇವತ್ತಿನ ಮಾತು ಅದರ ಬಗ್ಗೆ.

2017ರ ಅಕ್ಟೋಬರ್ 19ರಂದು ಸ್ಟಾಕ್‌ಹೋಮ್ ನಗರದ ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಒಂದು ಸಮಾರಂಭ ನಡೆಯಿತು. ಸ್ವೀಡನ್ನಿನ ದೊರೆ ಹದಿನಾರನೆಯ ಕಾರ್ಲ್ ಗುಸ್ತಾವ್ ಅವರು ಡೇನಿಯಲ್ ಸ್ಟೆನ್‌ಬರ್ಗ್ ಎಂಬ ಪ್ರೋಗ್ರಾಮರ್ ಕೈಗೆ ಚಿನ್ನದ ಪದಕ ಇತ್ತರು. ಅದು ಪೋಲ್ಹೆಮ್ ಪ್ರಶಸ್ತಿ. ಸ್ವೀಡನ್ನಿನ ಎಂಜಿನಿಯರುಗಳು ಹತ್ತೊಂಬತ್ತನೆಯ ಶತಮಾನದಿಂದ ತಮ್ಮವರಿಗೆ ಕೊಡುತ್ತ ಬಂದಿರುವ ಗೌರವ. ಯಂತ್ರ ಕಟ್ಟುವವರ ಆ ಪದಕ ಈ ಸಲ ಕೈಯಲ್ಲಿ ಹಿಡಿದು ತೋರಿಸಲಾಗದ ಒಂದು ವಸ್ತುವಿಗೆ ಸಂದಿತ್ತು. ಅದರ ಹೆಸರು ಕರ್ಲ್.

ಕರ್ಲ್ ಮಾಡುವ ಕೆಲಸ ಹೇಳಲು ಸರಳ: ಅಂತರ್ಜಾಲದ ಮೂಲಕ ಒಂದು ಯಂತ್ರದಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸುವುದು. 1996ರ ಹೊತ್ತಿಗೆ ಸ್ಟೆನ್‌ಬರ್ಗ್ ಅವರಿಗೆ ಬೇಕಾಗಿದ್ದುದೂ ಸಣ್ಣ ಸಂಗತಿಯೇ. ತಾವು ಹರಟೆ ಹೊಡೆಯುತ್ತಿದ್ದ ಚಾಟ್ ಕೋಣೆಯಲ್ಲಿ ಒಂದು ದೇಶದ ಹಣ ಇನ್ನೊಂದು ದೇಶದಲ್ಲಿ ಎಷ್ಟಾಗುತ್ತದೆ ಎಂದು ಯಾರಾದರೂ ಕೇಳಿದರೆ ತಾನಾಗಿ ಉತ್ತರಿಸುವ ಒಂದು ಬಾಟ್. ಅದಕ್ಕೆ ಆ ದಿನದ ವಿನಿಮಯ ದರವನ್ನು ಜಾಲತಾಣದಿಂದ ಎತ್ತಿ ತರಬೇಕಿತ್ತು. ಬ್ರೆಜಿಲ್‌ನವರೊಬ್ಬರು ಬರೆದಿದ್ದ ಪುಟ್ಟ ಪ್ರೋಗ್ರಾಮ್ ಸಿಕ್ಕಿತು, ಅದನ್ನು ತಿದ್ದುತ್ತ ಹೋದರು. 1998ರ ಮಾರ್ಚ್‌ನಲ್ಲಿ ಅದಕ್ಕೆ ಕರ್ಲ್ ಎಂಬ ಹೆಸರು ಬಂತು. ಇಂದು ಅದು ಫೋನು, ಟಿವಿ, ಕಾರು, ಆಟದ ಯಂತ್ರ ಎಲ್ಲದರ ಹೊಟ್ಟೆಯಲ್ಲೂ ಇದೆ. ಸಾವಿರ ಕೋಟಿಗೂ ಹೆಚ್ಚು ಕಡೆ ಇದೆಯೆಂಬುದು ಸ್ಟೆನ್‌ಬರ್ಗ್ ಅವರದೇ ಅಂದಾಜು. ಪದಕ ಬಂದ ದಿನದವರೆಗೂ ಅವರಿಗದು ಮುಖ್ಯವಾಗಿ ಬಿಡುವಿನ ವೇಳೆಯ ಕೆಲಸ. ಪೂರ್ಣಾವಧಿ ಅದನ್ನೇ ಮಾಡಿ ಸಂಬಳ ಪಡೆಯುವ ಅವಕಾಶ ಸಿಕ್ಕಿದ್ದು 2019ರಲ್ಲಿ.

ಇಷ್ಟು ದೊಡ್ಡ ವ್ಯಾಪ್ತಿಗೆ ಅವರಿಗೆ ಸಿಗುವ ದಿನನಿತ್ಯದ ಮನ್ನಣೆ ಎಂಥದ್ದು ಕೇಳಿ. ಕಾರಿನ ಪರದೆಯಲ್ಲಿ ಲೈಸೆನ್ಸ್ ವಿವರಗಳ ಪುಟವೊಂದು ಇರುತ್ತದೆ. ಅಲ್ಲಿ ಸಣ್ಣ ಅಕ್ಷರದಲ್ಲಿ ಸ್ಟೆನ್‌ಬರ್ಗ್ ಹೆಸರೂ ಇಮೇಲ್ ವಿಳಾಸವೂ ಅಚ್ಚಾಗಿರುತ್ತವೆ. ಪರದೆ ಕೈಕೊಟ್ಟಾಗ ಕಾರಿನ ಮಾಲೀಕರು ಹುಡುಕಿ ಹುಡುಕಿ ಕೊನೆಗೆ ಆ ವಿಳಾಸಕ್ಕೆ ದೂರು ಬರೆಯುತ್ತಾರೆ. ಕಂಪನಿಯ ಯಾವ ಮೂಲೆಯಲ್ಲೂ ಮನುಷ್ಯರ ವಿಳಾಸ ಸಿಗದ ಕಾಲದಲ್ಲಿ ಅದೊಂದಾದರೂ ಸಿಗುತ್ತದಲ್ಲ! 2022ರ ಜನವರಿಯಲ್ಲಿ ಒಂದು ಭಾರಿ ಕಂಪನಿ ಅವರಿಗೆ ಪ್ರಶ್ನಾವಳಿ ಕಳುಹಿಸಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಉತ್ತರ ಬೇಕೆಂದಿತು. ಪ್ರಶ್ನೆಗಳಿದ್ದುದು ಕರ್ಲ್‌ಗೆ ಸಂಬಂಧವೇ ಇಲ್ಲದ ಬೇರೊಂದು ತಂತ್ರಾಂಶದ ದೋಷದ ಬಗ್ಗೆ. ನಿರ್ವಹಣಾ ಒಪ್ಪಂದ ಮಾಡಿಕೊಳ್ಳಿ, ಸಂತೋಷವಾಗಿ ಉತ್ತರಿಸುತ್ತೇನೆ ಎಂದು ಅವರು ಬರೆದರು. ಮರುಪತ್ರ ಬಂದಾಗ ಅದರಲ್ಲಿ ಡೇನಿಯಲ್ ಹೋಗಿ ಡೇವಿಡ್ ಆಗಿತ್ತು. ಪದಕ ಬಂದ 2017ರಲ್ಲೇ, ಜೂನ್ ತಿಂಗಳಲ್ಲಿ, ಅಮೆರಿಕಕ್ಕೆ ಹೊರಟಿದ್ದ ಅವರನ್ನು ಕಾರಣ ಹೇಳದೆ ವಿಮಾನ ಹತ್ತಲು ಬಿಡಲಿಲ್ಲ. ವೀಸಾ ಕೈಗೆ ಬಂದದ್ದು 2020ರಲ್ಲಿ.

ನನಗೆ ಪೋಲ್ಹೆಮ್ ಪ್ರಶಸ್ತಿಯ ಮೇಲೆ ಗೌರವ ಹುಟ್ಟುವುದು ಅದರ ಚಿನ್ನಕ್ಕಲ್ಲ. ಯಾರ ಕಣ್ಣಿಗೂ ಬೀಳದ ಕೊಳವೆಯನ್ನು, ಅದನ್ನು ಇಪ್ಪತ್ತು ವರ್ಷ ಸೋರದಂತೆ ಕಾದವರನ್ನು, ಆ ಸಮಿತಿ ಕೂತು ನೋಡಿತು. ಹೊಸದನ್ನು ಕಂಡುಹಿಡಿದವರಿಗೆ ಪ್ರಶಸ್ತಿ ಕೊಡುವುದು ಸುಲಭ. ಇದ್ದದ್ದನ್ನು ಕೆಡದಂತೆ ನೋಡಿಕೊಂಡವರಿಗೆ ಕೊಡಬೇಕಾದರೆ ಕೊಡುವವರಿಗೆ ಆ ಕಸುಬು ಗೊತ್ತಿರಬೇಕು.

ಕಸುಬು ಗೊತ್ತಿದ್ದವರು ಕೊಡುವ ಇನ್ನೊಂದು ಪ್ರಶಸ್ತಿ ಅಮೆರಿಕದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನದು. 1998ರಲ್ಲಿ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯ ಲ್ಯಾರಿ ವಾಲ್ ಅವರಿಂದ ಅದರ ಪಟ್ಟಿ ಶುರುವಾಗುತ್ತದೆ. 2001ರಲ್ಲಿ ಪೈಥಾನ್ ಭಾಷೆಯ ಗೈಡೋ ವ್ಯಾನ್ ರಾಸಮ್. ಇವೆಲ್ಲ ಹೆಸರಾಂತ ಹೆಸರುಗಳು. ನಾನು ಹೇಳಬೇಕೆಂದಿರುವುದು 2021ರ ಸಾಲಿನ ಪ್ರಶಸ್ತಿ ಪಡೆದ ಪಾಲ್ ಎಗರ್ಟ್ ಅವರ ಬಗ್ಗೆ.

ನಿಮ್ಮ ಕಂಪ್ಯೂಟರಿನಲ್ಲಿ ಗಡಿಯಾರ ಹೊಂದಿಸುವ ಜಾಗಕ್ಕೆ ಹೋದರೆ ಒಮ್ಮೊಮ್ಮೆ ಏಷ್ಯಾ, ಕೋಲ್ಕತ್ತ ಎಂಬ ಸಾಲು ಕಾಣುತ್ತದೆ. ಆ ಸಾಲು ಬರುವುದು ಜಗತ್ತಿನ ಕಾಲವಲಯಗಳ ಒಂದು ದತ್ತಸಂಚಯದಿಂದ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುವ ಎಗರ್ಟ್ ಅದನ್ನು ಸ್ವಯಂಸೇವಕರ ಜೊತೆ ನೋಡಿಕೊಳ್ಳುತ್ತಾರೆ. ಯಾವ ದೇಶ ಗಡಿಯಾರವನ್ನು ಎಂದು ಮುಂದೆ ತಳ್ಳಿತು, ಎಂದು ಹಿಂದೆ ಎಳೆಯಿತು ಎಂಬ ಲೆಕ್ಕವೆಲ್ಲ ಅದರಲ್ಲಿದೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ನಮ್ಮ ದೇಶದ ಗಡಿಯಾರಗಳು ಒಂದು ಗಂಟೆ ಮುಂದೆ ಓಡುತ್ತಿದ್ದವು. ಅದೂ ಅಲ್ಲಿ ದಾಖಲಾಗಿದೆ. 1943ರಲ್ಲಿ ಹುಟ್ಟಿದ ಅಜ್ಜನ ಜಾತಕವನ್ನು ಕಂಪ್ಯೂಟರಿನಲ್ಲಿ ಹಾಕಿಸುವವರಿಗೆ ಈ ಒಂದು ಗಂಟೆ ಲಗ್ನವನ್ನೇ ಬದಲಿಸಿಬಿಡಬಹುದು.

ಜಾತಕದ ಮಾತು ಬಂತಲ್ಲ, 2011ರಲ್ಲಿ ಈ ಸ್ವಯಂಸೇವಕರ ಮೇಲೆ ಮೊಕದ್ದಮೆ ಹೂಡಿದ್ದೂ ಅಮೆರಿಕದ ಒಂದು ಜ್ಯೋತಿಷ್ಯ ತಂತ್ರಾಂಶದ ಕಂಪನಿಯೇ. ಹಳೆಯ ಕಾಲವಲಯಗಳ ವಿವರ ತಮ್ಮ ಗ್ರಂಥದಿಂದ ಎತ್ತಿದ್ದು, ಹಕ್ಕು ತಮ್ಮದು ಎಂಬ ವಾದ. ಮರುವರ್ಷದ ಫೆಬ್ರುವರಿಯಲ್ಲಿ ಕಂಪನಿ ಕ್ಷಮೆ ಕೇಳಿ ದಾವೆ ಹಿಂತೆಗೆದುಕೊಂಡಿತು. ತಪ್ಪಿಲ್ಲದೆ ನ್ಯಾಯಾಲಯದ ಬಾಗಿಲಿಗೆ ಎಳೆಸಿಕೊಂಡೂ ಇವರು ಕೆಲಸ ಬಿಡಲಿಲ್ಲ. 2023ರ ಮಾರ್ಚ್‌ನಲ್ಲಿ ಲೆಬನಾನ್ ಸರ್ಕಾರ ಗಡಿಯಾರ ಬದಲಿಸುವ ದಿನವನ್ನು ಕೊನೆಗಳಿಗೆಯಲ್ಲಿ ಮುಂದೂಡಿತು. ದೇಶದಲ್ಲಿ ಅನೇಕರು ಹೊಸ ಆಜ್ಞೆ ಒಪ್ಪಲಿಲ್ಲ. ಕೆಲವು ದಿನ ಒಂದೇ ಊರಿನಲ್ಲಿ ಎರಡು ಸಮಯ. ಸರ್ಕಾರ ಮತ್ತೆ ಮನಸ್ಸು ಬದಲಿಸಿತು. ಅಷ್ಟರಲ್ಲಿ ದತ್ತಸಂಚಯದ ಒಂದು ಆವೃತ್ತಿ ಹೊರಬಂದು, ವಾರ ತುಂಬುವುದರೊಳಗೆ ಅದನ್ನು ತಿದ್ದಿದ ಇನ್ನೊಂದೂ ಬಂದಿತ್ತು. ಇಂಥ ವಾರಗಳಿಗೆ ಯಾರೂ ಸಂಬಳ ಕೊಡುವುದಿಲ್ಲ.

ಸಂಬಳದ ವಿಷಯಕ್ಕೆ ಬಂದರೆ ಪ್ರಶಸ್ತಿಗಳ ಇನ್ನೊಂದು ಮುಖ ಕಾಣುತ್ತದೆ. ಜರ್ಮನಿಯ ವರ್ನರ್ ಕಾಖ್ 1997ರಿಂದ ಇಮೇಲ್‌ಗಳನ್ನು ಗುಪ್ತಗೊಳಿಸುವ ಜಿಎನ್‌ಯು ಪ್ರೈವಸಿ ಗಾರ್ಡ್ ಎಂಬ ತಂತ್ರಾಂಶವನ್ನು ಬಹುಮಟ್ಟಿಗೆ ಒಬ್ಬರೇ ಹೊತ್ತು ನಡೆಸಿದರು. ಅಮೆರಿಕದ ಗೂಢಚರ್ಯೆಯ ಗುಟ್ಟುಗಳನ್ನು ಹೊರಗೆಡಹಿದ ಎಡ್ವರ್ಡ್ ಸ್ನೋಡೆನ್ ಪತ್ರಕರ್ತರೊಡನೆ ಮಾತಾಡಲು ನೆಚ್ಚಿಕೊಂಡದ್ದು ಅದನ್ನೇ. 2013ರಲ್ಲಿ ಕಾಖ್ ಕೈಯಲ್ಲಿ ಕಾಸಿಲ್ಲದೆ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. 2015ರ ಫೆಬ್ರುವರಿಯಲ್ಲಿ ಪತ್ರಿಕಾ ವರದಿಯೊಂದು ಬಂದ ಮೇಲೆ ದೇಣಿಗೆ ಹರಿದುಬಂತು. ಫೇಸ್‌ಬುಕ್ ಮತ್ತು ಸ್ಟ್ರೈಪ್ ಕಂಪನಿಗಳು ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಹೇಳಿದವು. ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಪ್ರಶಸ್ತಿ ಸಿಕ್ಕಿದ್ದು ಇದೆಲ್ಲ ಆದ ಮೇಲೆ. ಪ್ರಶಸ್ತಿ ಸರಿಯಾದವರಿಗೇ ಹೋಯಿತು, ಅನುಮಾನವಿಲ್ಲ. ಆದರೆ ಅವರು ನೀರಿನಲ್ಲಿ ಮುಳುಗುತ್ತಿದ್ದಾಗ ಕೈ ಕೊಟ್ಟದ್ದು ಒಬ್ಬ ವರದಿಗಾರರ ಲೇಖನಿ.

ಹೀಗೆ ಬಳಲಿದವರನ್ನು ಸಮಿತಿಗಳು ಗುರುತಿಸುವ ಮೊದಲು ಕಳ್ಳರು ಗುರುತಿಸಿದ್ದೂ ಉಂಟು. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶವನ್ನು ಲಾಸ್ಸೆ ಕಾಲಿನ್ ಎಂಬವರು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಮನಸ್ಸಿನ ಆರೋಗ್ಯ ಸರಿಯಿಲ್ಲ, ಕೆಲಸ ನಿಧಾನವಾಗುತ್ತಿದೆ ಎಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದರು. ಆಗ ಜಿಯಾ ಟ್ಯಾನ್ ಎಂಬ ಹೆಸರಿಟ್ಟುಕೊಂಡ ಯಾರೋ ಸಹಾಯಕ್ಕೆ ಬಂದರು. ಎರಡು ವರ್ಷಕ್ಕೂ ಮೇಲೆ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, 2024ರಲ್ಲಿ ಅದರೊಳಗೊಂದು ಹಿಂಬಾಗಿಲು, ಅಂದರೆ ಬೇರೆಯವರ ಯಂತ್ರಕ್ಕೆ ಗುಟ್ಟಾಗಿ ನುಗ್ಗುವ ದಾರಿ, ಕೊರೆದರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ತಮ್ಮ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಕೆದಕಿ, ಮಾರ್ಚ್ 29ರಂದು ಅದನ್ನು ಹೊರಗೆಳೆದರು. ಅರ್ಧ ಸೆಕೆಂಡಿಗೆ ತಲೆಕೆಡಿಸಿಕೊಳ್ಳುವ ಈ ಸ್ವಭಾವಕ್ಕೆ ಯಾವ ವಿಭಾಗದಲ್ಲಿ ಪ್ರಶಸ್ತಿ ಕೊಡುತ್ತೀರಿ, ಹೇಳಿ.

ಎಣಿಸಿ ಕೊಡುವ ಬಹುಮಾನಗಳ ಕಥೆ ಬೇರೆ. ಡಿಜಿಟಲ್ ಓಶನ್ ಎಂಬ ಕಂಪನಿ 2014ರಿಂದ ಪ್ರತಿ ಅಕ್ಟೋಬರಿನಲ್ಲಿ ಹ್ಯಾಕ್ಟೋಬರ್‌ಫೆಸ್ಟ್ ನಡೆಸುತ್ತದೆ. 2020ರಲ್ಲಿ ನಿಯಮ ಇಷ್ಟೇ: ಮುಕ್ತ ತಂತ್ರಾಂಶಗಳಿಗೆ ನಾಲ್ಕು ತಿದ್ದುಪಡಿ ಕಳುಹಿಸಿ, ಟೀ ಶರ್ಟ್ ಪಡೆಯಿರಿ. ಹೇಗೆ ಕಳುಹಿಸಬೇಕೆಂದು ತೋರಿಸುವ ಒಂದು ವಿಡಿಯೊ ನಮ್ಮ ದೇಶದಲ್ಲಿ ಭಾರಿ ಜನಪ್ರಿಯವಾಯಿತು. ಪರಿಣಾಮ, ಕೋಡಿನ ಗಂಧವೇ ಇಲ್ಲದೆ ವಿವರಣೆಯ ಪುಟದಲ್ಲಿ ಅದ್ಭುತ ಪ್ರಾಜೆಕ್ಟ್ ಎಂದೊಂದು ಮಾತು ಸೇರಿಸಿದ ತಿದ್ದುಪಡಿಗಳ ಮಳೆ. ಪುಕ್ಕಟೆ ದುಡಿಯುವವರು ತಮ್ಮ ಸಂಜೆಗಳನ್ನು ಈ ಕಸ ಗುಡಿಸುವುದರಲ್ಲಿ ಕಳೆದರು. ಕೆಲವೇ ದಿನಗಳಲ್ಲಿ, ತಮಗೆ ಬೇಕೆಂದು ಒಪ್ಪಿದ ಪ್ರಾಜೆಕ್ಟುಗಳಿಗೆ ಮಾತ್ರ ಎಂದು ನಿಯಮ ಬದಲಾಯಿತು. 2023ರಲ್ಲಿ ಟೀ ಶರ್ಟೇ ನಿಂತುಹೋಯಿತು. ಹುಡುಗರನ್ನು ನಾನು ಬೈಯುವುದಿಲ್ಲ. ತೂಕ ಮಾಡಿ ಕೊಳ್ಳುತ್ತೇವೆ ಎಂದವರಿಗೆ ಕಲ್ಲು ಸೇರಿಸಿ ಕೊಟ್ಟರು, ಅಷ್ಟೇ.

ತಿದ್ದುಪಡಿಗಳ ಆ ಮಳೆಯ ಮರುವರ್ಷ, 2021ರ ಏಪ್ರಿಲ್‌ನಲ್ಲಿ, ನಾಸಾದ ಇಂಜೆನ್ಯುಯಿಟಿ ಹೆಲಿಕಾಪ್ಟರ್ ಮಂಗಳನ ಮೇಲೆ ಹಾರಿತು. ಆ ಯೋಜನೆಯಲ್ಲಿ ಬಳಕೆಯಾದ ಮುಕ್ತ ತಂತ್ರಾಂಶಗಳಿಗೆ ಕೋಡ್ ಬರೆದಿದ್ದ ಸುಮಾರು 12,000 ಮಂದಿಗೆ, ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಎಂಬ ತಾಣದ ತಮ್ಮ ಪುಟದಲ್ಲಿ ಒಂದು ಪುಟ್ಟ ಬಿಲ್ಲೆ ಪ್ರತ್ಯಕ್ಷವಾಯಿತು. ಅರ್ಜಿ ಹಾಕಿದವರಿಲ್ಲ, ಕೇಳಿದವರಿಲ್ಲ. ತಾವು ಎಂದೋ ಬರೆದ ಸಾಲು ಇನ್ನೊಂದು ಗ್ರಹಕ್ಕೆ ಹೋಗಿದೆ ಎಂಬುದೇ ಅವರಲ್ಲಿ ಬಹುಪಾಲು ಜನರಿಗೆ ಗೊತ್ತಿರಲಿಲ್ಲ.

ಈಗ ಮನೆಯ ಹತ್ತಿರ ಬರೋಣ. ಸೂರ್ಯ ಎಂದು ನೀವು ಫೋನಿನಲ್ಲಿ ಬರೆಯುತ್ತೀರಿ. ಯಂತ್ರದೊಳಗೆ ರಕಾರ ಮೊದಲು, ಯಕಾರ ಆಮೇಲೆ ಸಂಗ್ರಹವಾಗುತ್ತವೆ. ಪರದೆಯ ಮೇಲೆ ಮಾತ್ರ ಯಕಾರ ಮುಂದೆ ಬಂದು, ರಕಾರ ಅರ್ಕಾವೊತ್ತಾಗಿ ಅದರ ಹಿಂದೆ ನಿಲ್ಲಬೇಕು. ಅದೇ ರ‍್ಯಾಂಕ್ ಎಂದು ಬರೆದರೆ ಅರ್ಕಾವೊತ್ತು ಬೇಡ, ರಕಾರದ ಕೆಳಗೆ ಯಕಾರದ ಒತ್ತು ಬೇಕು. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ, ಲಿಬ್ರೆ ಆಫೀಸ್‌ನಲ್ಲಿ ಈ ಜೋಡಣೆ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅದರ ಮುಖ್ಯ ಕರ್ತೃ ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್. 2013ರಲ್ಲಿ ಅವರಿಗೆ ಓರೈಲಿ ಓಪನ್ ಸೋರ್ಸ್ ಪ್ರಶಸ್ತಿ ಬಂತು. ಕನ್ನಡದ ಒತ್ತಕ್ಷರವನ್ನು ಕೋಟ್ಯಂತರ ಪರದೆಗಳಲ್ಲಿ ನೆಟ್ಟಗೆ ಕೂರಿಸಿದವರ ಹೆಸರು ನಮ್ಮ ಯಾವ ಸನ್ಮಾನ ಪತ್ರದಲ್ಲೂ ಕಂಡ ನೆನಪು ನನಗಿಲ್ಲ. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟುಗಳನ್ನು ಕೂತು ರೂಪಿಸಿದವರು, ತಂತ್ರಾಂಶಗಳ ಮೆನುಗಳನ್ನು ಒಂದೊಂದೇ ಪದವಾಗಿ ಕನ್ನಡಕ್ಕೆ ತಂದವರು, ಇವರನ್ನೂ ನಾವು ಹುಡುಕಿಕೊಂಡು ಹೋಗುವುದಿಲ್ಲ.

ಕೋಡ್ ಬರೆಯದೆಯೂ ಇದನ್ನೆಲ್ಲ ಹೊತ್ತವರಿದ್ದಾರೆ. ಸಮ್ಮೇಳನ ನಡೆಸಿದವರು, ಹೊಸಬರಿಗೆ ಕಲಿಸಿದವರು. ಪರ್ಲ್ ಬಳಗ 1999ರಿಂದ ಇಂಥವರಿಗಾಗಿಯೇ ವೈಟ್ ಕ್ಯಾಮೆಲ್ ಪ್ರಶಸ್ತಿ ಇಟ್ಟಿತು. ಭಾರತದ ಪೈಥಾನ್ ಬಳಗ, 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತನ್ನ ಮೊದಲ ಸಮ್ಮೇಳನ ನಡೆಸಿದ ಬಳಗ, 2012ರಲ್ಲಿ ತೀರಿಕೊಂಡ ಕೆನೆತ್ ಗೊನ್ಸಾಲ್ವೆಸ್ ಅವರ ನೆನಪಿಗೆ ಒಂದು ಪ್ರಶಸ್ತಿ ಕೊಡುತ್ತದೆ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಝೆರೋಧಾ ಕಂಪನಿ, ಜಗತ್ತಿನ ಯಾವ ಮೂಲೆಯ ಮುಕ್ತ ತಂತ್ರಾಂಶವಾದರೂ ಸರಿ ಎಂದು, ವರ್ಷಕ್ಕೆ ಹತ್ತು ಲಕ್ಷ ಡಾಲರಿನ ನಿಧಿ ಪ್ರಕಟಿಸಿತು. ಅರ್ಜಿಯ ರೀತಿ ನನಗೆ ಇಷ್ಟವಾಯಿತು. ಶಿಫಾರಸು ಪತ್ರವಾಗಲಿ ಭಾವಚಿತ್ರವಾಗಲಿ ಬೇಡ. ತಾವು ಯಾರು, ಏನು ಮಾಡುತ್ತಿದ್ದೇವೆ, ಎಷ್ಟು ಹಣ ಬೇಕು ಎಂಬುದನ್ನು ಒಂದು ಸಣ್ಣ ಫೈಲಿನಲ್ಲಿ ಬರೆದು ತಮ್ಮದೇ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರಾಯಿತು. ನಮ್ಮ ರಾಜ್ಯೋತ್ಸವ ಪ್ರಶಸ್ತಿಯಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನಕ್ಕೊಂದು ವಿಭಾಗವಿದೆ. ಆ ಸಮಿತಿಯಲ್ಲಿ ಕೂರುವ ಹಿರಿಯರು ಮುಂದಿನ ಅಕ್ಟೋಬರಿನಲ್ಲಿ ಯಾವುದಾದರೂ ಒಂದು ಕನ್ನಡ ಫಾಂಟಿನ ಬದಲಾವಣೆಗಳ ಪಟ್ಟಿಯನ್ನು ತೆರೆದು, ಯಾವ ಒತ್ತಕ್ಷರವನ್ನು ಯಾರು ಎಂದು ಸರಿಪಡಿಸಿದರು ಎಂದು ಒಂದು ಮಧ್ಯಾಹ್ನ ಓದಲಿ. ಹೆಸರುಗಳು ಅಲ್ಲೇ ಇವೆ.

ನಮಸ್ಕಾರ.