ತಾಯಿಯ ಹೆಸರಿನ ಕಾಲಂ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಮನೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಇವತ್ತಿನ ವಿಷಯ ಕೆರೀಬಿಯನ್ ಹೆಂಗಸರ ಇತಿಹಾಸ, ಅದನ್ನು ಹುಡುಕಿ ತೆಗೆಯುತ್ತಿರುವ ಸಾಮಾನ್ಯ ಜನರ ಕೆಲಸ. ದೂರದ ಊರಿನ ಮಾತು ಅನ್ನಿಸಬಹುದು. ಅದಕ್ಕೇ ಒಂದು ಹಳೇ ರಿಜಿಸ್ಟರಿನ ಪುಟದಿಂದಲೇ ಶುರು ಮಾಡುತ್ತೇನೆ.

ಪುಟದ ಮೇಲೆ ಮಾಲೀಕನ ಹೆಸರು, ಇಲ್ಲಾ ತೋಟದ ಹೆಸರು. ಕೆಳಗೆ ಸಾಲಾಗಿ ಜನರ ಹೆಸರು. ಒಂದೊಂದೇ ಪದ. ಮನೆತನದ ಹೆಸರು ಇಲ್ಲ, ಗುಲಾಮರಿಗೆ ಅದು ಇರುವಂತಿರಲಿಲ್ಲ. ಪಕ್ಕದಲ್ಲಿ ಗಂಡೋ ಹೆಣ್ಣೋ, ಹುಟ್ಟಿದ ವರ್ಷ ಯಾವುದು. ಆಮೇಲೆ ತಾಯಿಯ ಹೆಸರು. ಕೊನೆಗೆ ಏನಾಯಿತು ಅಂತ: ಹುಟ್ಟಿದರು, ಸತ್ತರು, ಮಾರಾಟವಾದರು, ಬಿಡುಗಡೆಯಾದರು. ಎಲ್ಲದಕ್ಕೂ ತಾರೀಖು ಇದೆ. ಅಪ್ಪನ ಹೆಸರಿಗೆ ಮಾತ್ರ ಕಾಲಂ ಇಲ್ಲ.

ತಾಯಿಯ ಹೆಸರು ಬರೆದಿದ್ದಾರಲ್ಲ, ಎಷ್ಟು ಗೌರವ ಅಂದುಕೊಳ್ಳಬೇಡಿ. ಹಟ್ಟಿಯಲ್ಲಿ ಕರು ಹುಟ್ಟಿದರೆ ಅದು ಯಾರದು? ಹಸು ಯಾರದೋ ಅವರದು. ಅದೇ ಲೆಕ್ಕ ಇದು. ಹೆತ್ತವಳು ಗುಲಾಮಳಾದರೆ ಮಗುವೂ ಗುಲಾಮ. ಅಪ್ಪ ಯಾರಾದರೂ ಸರಿ, ಆ ಮಾಲೀಕನೇ ಆಗಿದ್ದರೂ ಸರಿ. ಮಗು ಯಾರ ಆಸ್ತಿ ಅಂತ ತೀರ್ಮಾನಿಸಲು ತಾಯಿ ಒಬ್ಬಳು ಸಾಕು. ಅದಕ್ಕೇ ಆ ಕಾಲಂ.

ಇದು ಸುರಿನಾಮ್ ದೇಶದ ಗುಲಾಮರ ರಿಜಿಸ್ಟರ್. ಭೂಪಟದಲ್ಲಿ ದಕ್ಷಿಣ ಅಮೆರಿಕದ ಅಂಚಿನಲ್ಲಿದೆ, ಆದರೆ ಇತಿಹಾಸ, ಊಟ, ಭಾಷೆ ಎಲ್ಲ ಕೆರೀಬಿಯನ್ ಕಡೆಯದು. ಡಚ್ಚರ ವಸಾಹತು ಆಗಿತ್ತು. ಸಕ್ಕರೆ, ಕಾಫಿ, ಹತ್ತಿಯ ತೋಟಗಳು. ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ತರುವ ವ್ಯಾಪಾರವನ್ನು ಡಚ್ಚರು 1814ರಲ್ಲಿ ನಿಲ್ಲಿಸಿದರು. ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ. ಅದನ್ನು ತಡೆಯಲು ಈ ಪುಸ್ತಕಗಳು ಬಂದವು. 1830ರಿಂದ 1863ರವರೆಗಿನವು ಉಳಿದುಕೊಂಡಿವೆ. ಸುಮಾರು 80,000 ಜನರ ಹೆಸರು ಅವುಗಳಲ್ಲಿದೆ. ಪುಸ್ತಕಗಳು ಹಲವು ವರ್ಷ ನೆದರ್ಲೆಂಡ್ಸ್‌ನಲ್ಲಿದ್ದು, ಈಗ ವಾಪಸ್ ಸುರಿನಾಮ್‌ನ ರಾಜಧಾನಿ ಪರಮಾರಿಬೊಗೆ ಬಂದಿವೆ.

ಇಷ್ಟು ಹೆಸರನ್ನು ಯಾರು ಓದಬೇಕು? 2017ರಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಮತ್ತು ಪರಮಾರಿಬೊದ ಆಂಟನ್ ಡೆ ಕೋಮ್ ವಿಶ್ವವಿದ್ಯಾಲಯದವರು ಸೇರಿ ಜನರ ಹತ್ತಿರವೇ ಹೋದರು. ಚಂದಾ ಜನರಿಂದ ಬಂತು. ಕೆಲಸಕ್ಕೂ ಜನರೇ ಬಂದರು. ನೂರಾರು ಮಂದಿ ತಮ್ಮ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಆ ಪುಟಗಳ ಚಿತ್ರ ತೆರೆದು, ಸಾಲು ಸಾಲು ಓದಿ, ಟೈಪ್ ಮಾಡಿದರು. ಸಂಬಳ ಇಲ್ಲ. 2018ರಲ್ಲಿ ಅದೆಲ್ಲ ಇಂಟರ್‌ನೆಟ್ಟಿಗೆ ಬಂತು, ಯಾರು ಬೇಕಾದರೂ ದುಡ್ಡು ಕೊಡದೆ ಹುಡುಕಬಹುದು. ಆಮೇಲೆ ಡಚ್ಚರದೇ ಇನ್ನೊಂದು ವಸಾಹತಾಗಿದ್ದ ಕುರಸಾವ್ ದ್ವೀಪದ ರಿಜಿಸ್ಟರುಗಳಿಗೂ ಕೈ ಹಾಕಿದರು.

ಕೇಳಲು ಸುಲಭ. ಕೂತು ಮಾಡಿದರೆ ಗೊತ್ತಾಗುತ್ತದೆ. ಗುಮಾಸ್ತರ ಕೈಬರಹ ಒಬ್ಬೊಬ್ಬರದು ಒಂದೊಂದು ಥರ. ಒಂದೇ ಹೆಸರಿನವರು ಹತ್ತಾರು ಜನ. ತೋಟ ಮಾರಿದರೆ ಅದೇ ಜನ ಇನ್ನೊಂದು ಪುಟಕ್ಕೆ ಹೋಗುತ್ತಾರೆ, ಅಲ್ಲಿ ಸ್ಪೆಲಿಂಗ್ ಬೇರೆ. ಅವರು ಅದೇ ವ್ಯಕ್ತಿ ಅಂತ ಹೇಗೆ ಹೇಳುವುದು? ಆಗ ಕೈ ಹಿಡಿಯುವುದೇ ತಾಯಿಯ ಕಾಲಂ. ಹೆಸರು, ಹುಟ್ಟಿದ ವರ್ಷ, ತಾಯಿ ಮೂರೂ ಹೊಂದಿದರೆ ಇವಳೇ ಅವಳು ಅಂತ ಹೆಚ್ಚುಕಡಿಮೆ ಗಟ್ಟಿಯಾಗಿ ಹೇಳಬಹುದು. ಆಸ್ತಿಯ ಲೆಕ್ಕಕ್ಕೆ ಬರೆದ ಕಾಲಂ ಹಿಡಿದು ಮರಿಮೊಮ್ಮಗಳು ಮುತ್ತಜ್ಜಿಯ ಹತ್ತಿರ ಹೋಗುತ್ತಾಳೆ.

ಆ ಹೆಸರುಗಳ ಬಗ್ಗೆ ಸ್ವಲ್ಪ ಹೇಳಬೇಕು. ಹೆಚ್ಚಿನವು ಮಾಲೀಕರು ಇಟ್ಟವು. ನಡುವೆ ಅಕುಬಾ, ಅಫಿಬಾ, ಅಜುಬಾ ಥರದ ಹೆಸರು ಬರುತ್ತವೆ. ಇವು ಪಶ್ಚಿಮ ಆಫ್ರಿಕಾದವು, ಹುಟ್ಟಿದ ವಾರದ ಹೆಸರುಗಳು. ಅಕುಬಾ ಬುಧವಾರದ ಹುಡುಗಿ, ಅಫಿಬಾ ಶುಕ್ರವಾರದವಳು. ಮಗುವಿಗೆ ವಾರದ ಹೆಸರಿಡುವ ಪದ್ಧತಿಯನ್ನು ಆ ಜನ ಸಮುದ್ರ ದಾಟಿಯೂ ಬಿಡಲಿಲ್ಲ.

1863ರ ಜುಲೈ 1ರಂದು ಸುರಿನಾಮ್‌ನಲ್ಲಿ ಗುಲಾಮಗಿರಿ ಮುಗಿಯಿತು. 33 ಸಾವಿರಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಅಲ್ಲಿಯವರು ಈಗಲೂ ಆ ದಿನವನ್ನು ಕೇಟಿ ಕೋಟಿ ಅಂತ ಆಚರಿಸುತ್ತಾರೆ. ಸರಪಳಿ ಕಡಿಯಿತು ಅಂತ ಅರ್ಥ. ಪರಿಹಾರ ಸಿಕ್ಕಿದ್ದು ಮಾಲೀಕರಿಗೆ, ತಲೆಗೆ 300 ಗಿಲ್ಡರ್, ಅಂದರೆ ಆಗಿನ ಡಚ್ ನಾಣ್ಯ. ಬಿಡುಗಡೆಯಾದವರಲ್ಲಿ ಹೆಚ್ಚಿನವರು ಇನ್ನೂ 10 ವರ್ಷ ಸರ್ಕಾರದ ಮೇಲ್ವಿಚಾರಣೆಯಲ್ಲಿ ಕೂಲಿ ಕರಾರು ಮಾಡಿಕೊಂಡು ದುಡಿಯಲೇಬೇಕಿತ್ತು. ಮನೆತನದ ಹೆಸರು ಸಿಕ್ಕಿದ್ದೂ ಆಗಲೇ. ಕೆಲವು ಹೆಸರು ಬಿಳಿಯರ ಹೆಸರನ್ನೇ ತಿರುಗುಮುರುಗು ಮಾಡಿ ಕೊಟ್ಟವು. ಡೆ ಫ್ರೀಸ್ ಅನ್ನೋದು ಫ್ರೀಸ್ಡೆ ಆಯಿತು. ವಿಲ್ಕೆನ್ಸ್ ಅನ್ನೋದು ಕೆನ್ಸ್‌ವಿಲ್ ಆಯಿತು. ಇವತ್ತಿಗೂ ಆ ಹೆಸರಿನ ಕುಟುಂಬಗಳಿವೆ. ಹೆಸರಿನಲ್ಲೇ ಮಾಲೀಕ ಉಳಿದುಬಿಟ್ಟ, ತಾಯಿ ಕಾಣೆಯಾದಳು. ಅವಳನ್ನು ನೋಡಬೇಕಾದರೆ ರಿಜಿಸ್ಟರಿಗೇ ಹೋಗಬೇಕು.

ಈಗ ಬಾರ್ಬಡೋಸ್‌ಗೆ ಬನ್ನಿ. ಬ್ರಿಟಿಷರ ಸಕ್ಕರೆ ದ್ವೀಪ. ಅಲ್ಲಿ ಬಾರ್ಬಡೋಸ್ ಮರ್ಕ್ಯುರಿ ಅಂತ ಒಂದು ಪತ್ರಿಕೆ ಇತ್ತು. 1783ರಿಂದ 1848ರವರೆಗಿನ ಸಂಚಿಕೆಗಳನ್ನು ಅಲ್ಲಿಯ ಪತ್ರಾಗಾರದಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಬ್ರಿಟಿಷ್ ಲೈಬ್ರರಿಯವರು ಆ ಪುಟಗಳನ್ನು ಜನರ ಮುಂದಿಟ್ಟು, ಗುಲಾಮರ ಬಗ್ಗೆ ಇರುವ ಜಾಹೀರಾತುಗಳನ್ನು ಗುರುತಿಸಿ ಅಂತ ಕೇಳಿದರು. ನಾನೂ ಕೆಲವು ರಾತ್ರಿ ಊಟ ಆದ ಮೇಲೆ ಅಂಥ ಜಾಹೀರಾತು ಓದುತ್ತಾ ಕೂತಿದ್ದೇನೆ. ಮೊದಲ ದಿನ ಹತ್ತು ಪುಟ ಮುಗಿಸುತ್ತೇನೆ ಅಂದುಕೊಂಡಿದ್ದೆ. ಮೂರನೇ ಪುಟದಲ್ಲೇ ಎದ್ದು ಹೋಗಿ ನೀರು ಕುಡಿದು ಬಂದೆ. ಕುದುರೆ ಮಾರಾಟಕ್ಕಿದೆ, ಹೊಸ ಬಟ್ಟೆ ಬಂದಿದೆ, ಮಗುವಿನ ಜೊತೆ ಅಡುಗೆಯವಳು ಮಾರಾಟಕ್ಕಿದ್ದಾಳೆ. ಎಲ್ಲ ಒಂದೇ ಅಚ್ಚಿನಲ್ಲಿ, ಒಂದರ ಕೆಳಗೆ ಒಂದು.

ಓಡಿಹೋದವರನ್ನು ಹಿಡಿಸಲು ಹಾಕುತ್ತಿದ್ದ ಜಾಹೀರಾತುಗಳಂತೂ ಬೇರೆಯೇ ಥರ. ಹೆಂಗಸು ಹೇಗಿದ್ದಾಳೆ, ಎಲ್ಲಿ ಗಾಯದ ಕಲೆ ಇದೆ, ಏನು ಉಟ್ಟಿದ್ದಳು, ಹೇಗೆ ಮಾತಾಡುತ್ತಾಳೆ. ಆಮೇಲೆ ಎಲ್ಲಿ ಅಡಗಿರಬಹುದು ಅಂತ ಒಂದು ಊಹೆ: ಅವಳ ತಾಯಿ ಇಂಥ ತೋಟದಲ್ಲಿದ್ದಾಳೆ, ಗಂಡ ಇಂಥವರ ಹತ್ತಿರ ಇದ್ದಾನೆ, ಅಕ್ಕ ಪಟ್ಟಣದಲ್ಲಿದ್ದಾಳೆ. ನೋಡಿ, ಗುಲಾಮರಿಗೆ ಸಂಸಾರವೇ ಇಲ್ಲ ಅನ್ನುವ ಹಾಗೆ ನಡೆದುಕೊಂಡವರೇ, ಹಿಡಿಯಬೇಕಾದಾಗ ಅವಳ ಬಂಧುಬಳಗವನ್ನೆಲ್ಲ ಬರೆದುಕೊಟ್ಟರು. ಅವರಿಗೆ ಎಲ್ಲ ಗೊತ್ತಿತ್ತು ಅಲ್ವಾ? ಅವಳು ಓಡಿ ಹೋಗುವುದು ಅಮ್ಮನ ಹತ್ತಿರಕ್ಕೇ ಅಂತಲೂ ಗೊತ್ತಿತ್ತು.

ತನ್ನ ಬಾಯಲ್ಲೇ ಕಥೆ ಹೇಳಿದವರು ತೀರ ಕಡಿಮೆ. ಅವರಲ್ಲಿ ಒಬ್ಬಳು ಮೇರಿ ಪ್ರಿನ್ಸ್. ಸುಮಾರು 1788ರಲ್ಲಿ ಬರ್ಮುಡಾದಲ್ಲಿ ಹುಟ್ಟಿದಳು. ಟರ್ಕ್ಸ್ ದ್ವೀಪದ ಉಪ್ಪಿನ ಕೊಳಗಳಲ್ಲಿ ದುಡಿದಳು. ಬೆಳಗಿನ ಜಾವ 4 ಗಂಟೆಗೆ ಎಬ್ಬಿಸಿ ನೀರಿಗೆ ಇಳಿಸುತ್ತಿದ್ದರು. ಮೊಣಕಾಲವರೆಗೆ ಉಪ್ಪುನೀರು, ಮೇಲೆ ಸುಡುವ ಬಿಸಿಲು. ಕಾಲು ತುಂಬಾ ಹುಣ್ಣಾಗಿ, ಕೆಲವೊಮ್ಮೆ ಮೂಳೆಯವರೆಗೂ ಕೊರೆಯುತ್ತಿತ್ತು ಅಂತ ಅವಳೇ ಹೇಳಿದ್ದಾಳೆ. ಆಮೇಲೆ ಆಂಟಿಗುವಾಗೆ ಮಾರಾಟ. ಅಲ್ಲಿ ಮದುವೆಯಾದಳು, ಮೊರೇವಿಯನ್ ಚರ್ಚಿನಲ್ಲಿ ಓದಲು ಕಲಿತಳು. 1828ರಲ್ಲಿ ಮಾಲೀಕರ ಜೊತೆ ಲಂಡನ್ನಿಗೆ ಬಂದು ಅವರ ಮನೆ ಬಿಟ್ಟಳು. 1831ರಲ್ಲಿ ಅವಳ ಬದುಕಿನ ಕಥೆ ಅಚ್ಚಾಯಿತು. ಬ್ರಿಟನ್ನಿನಲ್ಲಿ ಪ್ರಕಟವಾದ ಕಪ್ಪು ಹೆಂಗಸಿನ ಮೊದಲ ಜೀವನಕಥೆ ಅದು.

1829ರಲ್ಲಿ ಅವಳ ಪರವಾಗಿ ಪಾರ್ಲಿಮೆಂಟಿಗೆ ಒಂದು ಅರ್ಜಿ ಹೋಗಿತ್ತು. ಅದರಲ್ಲಿ ಅವಳ ಹೆಸರು ಹೇಗಿದೆ ಗೊತ್ತಾ? ಮೇರಿ ಪ್ರಿನ್ಸ್ ಅಥವಾ ಜೇಮ್ಸ್, ಸಾಮಾನ್ಯವಾಗಿ ಕರೆಯುವುದು ಮೋಲಿ ವುಡ್. ಜೇಮ್ಸ್ ಗಂಡನ ಹೆಸರು, ವುಡ್ ಮಾಲೀಕನದು. ಹುಡುಕುವವರು ಇಷ್ಟನ್ನೂ ನೆನಪಿಟ್ಟುಕೊಳ್ಳಬೇಕು. ಒಂದೇ ಹೆಸರು ಹಿಡಿದು ಹೋದರೆ ಅವಳು ಕೈಗೆ ಸಿಗುವುದಿಲ್ಲ. ಆಂಟಿಗುವಾಗೆ ವಾಪಸ್ ಹೋದರೆ ಮತ್ತೆ ಗುಲಾಮಳು, ಲಂಡನ್ನಿನಲ್ಲಿ ಉಳಿದರೆ ಗಂಡನಿಲ್ಲ. ಮಾಲೀಕ ದುಡ್ಡು ತಗೊಂಡು ಬಿಡಲೂ ಒಪ್ಪಲಿಲ್ಲ. 1833ರಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಮೇಲೆ ಅವಳ ಸುಳಿವು ಯಾವ ಕಾಗದದಲ್ಲೂ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು, ಸ್ವಲ್ಪ ಕಷ್ಟದ ಮಾತು. ಈ ಪುಸ್ತಕಗಳಲ್ಲಿ ಮಾಲೀಕರ ಜಾಗದಲ್ಲೂ ಹೆಂಗಸರಿದ್ದಾರೆ. ಗುಲಾಮಗಿರಿ ನಿಲ್ಲಿಸಿದಾಗ ಬ್ರಿಟನ್ ತನ್ನ ವಸಾಹತುಗಳಲ್ಲಿದ್ದ ಗುಲಾಮರ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಆ ದಾಖಲೆಗಳನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಪೂರ್ತಿ ಜಾಲಾಡಿದ್ದಾರೆ. ತಮ್ಮ ಮನೆತನದ ಕಾಗದಪತ್ರ ಕೆದಕಿದ ಎಷ್ಟೋ ಸಾಮಾನ್ಯ ಜನರೂ ಅವರಿಗೆ ಮಾಹಿತಿ ಕಳಿಸಿಕೊಟ್ಟರು. ಪರಿಹಾರ ಕೇಳಿದವರಲ್ಲಿ ಶೇಕಡ 40ಕ್ಕೂ ಜಾಸ್ತಿ ಹೆಂಗಸರು. ವಿಧವೆಯರು, ಮದುವೆಯಾಗದ ಹೆಣ್ಣುಮಕ್ಕಳು. ತಂದೆಯ ಉಯಿಲಿನಲ್ಲಿ ಮನುಷ್ಯರನ್ನು ಪಡೆದವರು.

ಸುರಿನಾಮ್‌ನ ಎಲಿಸಬೆತ್ ಸ್ಯಾಮ್ಸನ್ ಅಂತೂ ಕಪ್ಪು ಹೆಂಗಸು, ಹುಟ್ಟಿದ್ದು 1715ರಲ್ಲಿ. ಕಾಫಿ ತೋಟಗಳ ಒಡತಿ, ಭಾರೀ ಶ್ರೀಮಂತೆ. ಬಿಳಿಯ ಗಂಡಸನ್ನು ಮದುವೆಯಾಗಲು ವರ್ಷಗಟ್ಟಲೆ ಅರ್ಜಿ ಹಾಕಿ ಹೋರಾಡಿ, 1767ರಲ್ಲಿ ಮದುವೆಯಾದಳು. ಅವಳು ಗುಲಾಮಳಾಗಿದ್ದಳು, ಒಡೆಯ ಬಿಡುಗಡೆ ಮಾಡಿ ಆಸ್ತಿ ಬಿಟ್ಟುಹೋದ ಅಂತ ಜನ ಬಹಳ ಕಾಲ ನಂಬಿದ್ದರು. ಸಿಂಥಿಯಾ ಮೆಕ್ಲಾಯ್ಡ್ ಅನ್ನುವ ಶಾಲಾ ಮೇಡಂ ಹಳೇ ದಾಖಲೆಗಳನ್ನು ವರ್ಷಗಟ್ಟಲೆ ಓದಿ, ಅದು ಸುಳ್ಳು, ಅವಳು ಹುಟ್ಟಿದಾಗಲೇ ಸ್ವತಂತ್ರಳು ಅಂತ ತೋರಿಸಿದರು. ಅದೇ ದಾಖಲೆಗಳಲ್ಲಿ ಅವಳ ತೋಟದ ಗುಲಾಮರೂ ಇದ್ದಾರೆ. ನನಗೆ ಅವಳ ಧೈರ್ಯ ಇಷ್ಟ. ಆ ತೋಟದಲ್ಲಿ ದುಡಿದ ಹೆಂಗಸರನ್ನು ಮರೆತು ಅವಳನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಜಮೈಕಾದ ಮೇರಿ ಸೀಕೋಲ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಕ್ರಿಮಿಯಾ ಯುದ್ಧದಲ್ಲಿ ಸೈನಿಕರ ಆರೈಕೆ ಮಾಡಿದವಳು. 1881ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು, ಜನ ಮರೆತರು. ಅವಳ ಸಮಾಧಿಯನ್ನು 1973ರಲ್ಲಿ ಸರಿಪಡಿಸಿದ್ದು ಕೂಡ ಸರ್ಕಾರವಲ್ಲ. ಬ್ರಿಟನ್ನಿನಲ್ಲಿದ್ದ ಜಮೈಕಾದ ಹೆಂಗಸರು ಮತ್ತು ನರ್ಸುಗಳ ಒಂದು ನಿಧಿ ಸೇರಿ ಮಾಡಿದ ಕೆಲಸ ಅದು. ಸೇಂಟ್ ಥಾಮಸ್ ಆಸ್ಪತ್ರೆಯ ಎದುರು ಅವಳ ಪ್ರತಿಮೆ ನಿಲ್ಲಲು 2016 ಬರಬೇಕಾಯಿತು.

ನಮ್ಮ ದೇಶಕ್ಕೂ ಈ ಕಥೆಗೂ ನೇರ ಸಂಬಂಧ ಇದೆ. ಸುರಿನಾಮ್‌ನ ಆ 10 ವರ್ಷದ ಮೇಲ್ವಿಚಾರಣೆ ಮುಗಿದಿದ್ದು 1873ರ ಜುಲೈನಲ್ಲಿ. ಅದಕ್ಕೂ ಒಂದು ತಿಂಗಳು ಮೊದಲೇ, ಜೂನ್‌ನಲ್ಲಿ, ಕಲ್ಕತ್ತಾದಿಂದ ಲಾಲಾ ರೂಖ್ ಹಡಗು ಬಂದು ನಿಂತಿತ್ತು. ಅದರ ತುಂಬಾ ಭಾರತದ ಕೂಲಿಗಳು. 1916ರವರೆಗೆ 34 ಸಾವಿರಕ್ಕೂ ಹೆಚ್ಚು ಜನ ಹಾಗೆ ಹೋದರು, ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶದ ಕಡೆಯವರು. ಅವರಿಗೂ ರಿಜಿಸ್ಟರ್ ಇತ್ತು. ಕರಾರಿನ ನಂಬರ್, ಎತ್ತರ, ಮೈಮೇಲಿನ ಗುರುತು, ಜಾತಿ, ಹಳ್ಳಿ. ಇಲ್ಲಿ ಅಪ್ಪನ ಹೆಸರಿಗೆ ಕಾಲಂ ಇದೆ, ಅಮ್ಮ ಇಲ್ಲ. ಈ ಪುಸ್ತಕಗಳನ್ನೂ ಒಂದೊಂದೇ ಹೆಸರು ಹಿಡಿದು ಕಂಪ್ಯೂಟರಿಗೆ ಹಾಕಿದ್ದಾರೆ.

ಹಾಗೆ ಹೋದವರಲ್ಲಿ ಜಾನಿ ತೇತರಿ ಒಬ್ಬಳು. 1884ರ ಸೆಪ್ಟೆಂಬರ್‌ನಲ್ಲಿ ಜೋರ್ಗ್ ಎನ್ ಹೋಪ್ ತೋಟದ ಕೂಲಿಗಳು ಎದ್ದುನಿಂತಾಗ ಅವಳು ಮುಂದಿದ್ದಳು. ಗುಂಡೇಟಿಗೆ ಸತ್ತಳು. 2017ರಲ್ಲಿ ಪರಮಾರಿಬೊದಲ್ಲಿ ಅವಳ ಪ್ರತಿಮೆ ಇಟ್ಟರು. ಆ ಜಾಗದಲ್ಲಿ ಮೊದಲು ಇದ್ದದ್ದು ಭಾರತದ ಕೂಲಿಗಳ ಮೇಲಧಿಕಾರಿಯಾಗಿದ್ದ ಬಾರ್ನೆಟ್ ಲಯಾನ್‌ನ ಪ್ರತಿಮೆ.

ಆ ಸುರಿನಾಮ್ ರಿಜಿಸ್ಟರಿಗೇ ಮತ್ತೆ ಬರುತ್ತೇನೆ. ಮಗಳಿಂದ ತಾಯಿ, ತಾಯಿಯಿಂದ ಅಜ್ಜಿ ಅಂತ ಮೇಲೆ ಮೇಲೆ ಹೋಗುತ್ತಾ ಒಂದು ಕಡೆ ದಾರಿ ನಿಲ್ಲುತ್ತದೆ. ತೀರ ಹಳಬರ ಮುಂದೆ ತಾಯಿಯ ಕಾಲಂ ಎಷ್ಟೋ ಸಲ ಖಾಲಿ. ಕೇಳಿದವರಿಲ್ಲ, ಬರೆದವರಿಲ್ಲ. ಆದರೆ ಆ ಖಾಲಿ ಜಾಗದ ಪಕ್ಕದಲ್ಲಿ ಅಕುಬಾ ಅಂತ ಹೆಸರಿದ್ದರೆ ಟೈಪ್ ಮಾಡುವವರು ಒಂದು ಕ್ಷಣ ನಿಲ್ಲಬಹುದು. ಅವಳನ್ನು ಯಾರೋ ಒಬ್ಬರು ಎತ್ತಿಕೊಂಡು, ಇವತ್ತು ಯಾವ ವಾರ ಅಂತ ಲೆಕ್ಕ ಹಾಕಿ, ಬುಧವಾರದ ಹೆಸರಿಟ್ಟು ಕರೆದಿದ್ದಾರೆ.