ಗ್ಯಾಸ್ ಸೆನ್ಸರ್‌ಗೆ ಕಾಫಿ ಘಮ ಕಲಿಸುವುದು ಹೇಗೆ?

[ಪರದೆಯಲ್ಲಿ: ಕಾಫಿ ಪುಡಿ ಡಬ್ಬಿ, ಪಕ್ಕದಲ್ಲಿ ಸೆನ್ಸರ್, ಲ್ಯಾಪ್‌ಟಾಪ್‌ನಲ್ಲಿ ಓಡುತ್ತಿರುವ ಗ್ರಾಫ್]

ನಮಸ್ಕಾರ. ಈ ಗ್ರಾಫ್ ನೋಡಿ. ಡಬ್ಬಿ ಮುಚ್ಚಳ ತೆಗೆದೆ, ಗೆರೆ ಕೆಳಗಿಳಿಯಿತು. ಸೆನ್ಸರ್‌ಗೆ ಕಾಫಿ ಘಮ ಗೊತ್ತಾಯಿತು ಅನ್ನಿಸುತ್ತೆ, ಅಲ್ವಾ? ಈಗ ಡಬ್ಬಿ ಮುಚ್ಚಿ, ಹತ್ತಿಗೆ ಎರಡು ಹನಿ ಸ್ಯಾನಿಟೈಸರ್ ಹಾಕಿ ಹತ್ತಿರ ತರುತ್ತೇನೆ. ಗೆರೆ ಮತ್ತೆ ಇಳಿಯಿತು, ಈ ಸಲ ಇನ್ನೂ ಜಾಸ್ತಿ. ಎರಡಕ್ಕೂ ಸೆನ್ಸರ್ ಕೊಟ್ಟಿದ್ದು ಬರೀ ಒಂದು ಸಂಖ್ಯೆ. ಬಂದಿದ್ದು ಕಾಫಿಯೋ ಸ್ಯಾನಿಟೈಸರೋ ಅಂತ ಅದಕ್ಕೆ ಗೊತ್ತಿಲ್ಲ.

[ಹತ್ತಿರದಿಂದ: ಸೆನ್ಸರ್‌ನ ಲೋಹದ ಜಾಲರಿ]

ಈ ಜಾಲರಿಯ ಒಳಗಿರುವುದು ತವರದ ಆಕ್ಸೈಡ್. ಪಕ್ಕದಲ್ಲೇ ಪುಟ್ಟದೊಂದು ಹೀಟರ್ ಇದೆ, ಅದು ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡುತ್ತದೆ. ಒಳಗಿನ ಬಿಸಿಗೆ ಹೊರಗಿನ ಗ್ಯಾಸ್ ಹೊತ್ತಿಕೊಳ್ಳಬಾರದು, ಅದಕ್ಕೇ ಈ ಜಾಲರಿ. ಸುಮ್ನೆ ಗಾಳಿಯಲ್ಲಿ ಇಟ್ಟಾಗ ಗಾಳಿಯ ಆಮ್ಲಜನಕ ತವರದ ಆಕ್ಸೈಡ್ ಮೇಲೆ ಕೂತು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕರೆಂಟ್ ಸಲೀಸಾಗಿ ಹರಿಯುವುದಿಲ್ಲ. ಅಂದರೆ ರೆಸಿಸ್ಟೆನ್ಸ್ ಜಾಸ್ತಿ. ಆಲ್ಕೋಹಾಲ್ ಆವಿಯೋ ಅಡುಗೆ ಗ್ಯಾಸೋ ಬಂದರೆ ಅದು ಆ ಆಮ್ಲಜನಕದ ಜೊತೆ ಸೇರಿಕೊಳ್ಳುತ್ತದೆ, ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಗ್ರಾಫ್‌ನಲ್ಲಿ ಇಳಿದ ಗೆರೆ ಇದೇ. ಜಪಾನಿನ ನಾವೊಯೋಶಿ ತಾಗುಚಿ 1962ರಲ್ಲಿ ಈ ಬಗೆಯ ಸೆನ್ಸರ್ ರೂಪಿಸಿದರು. ಮನೆಗಳಲ್ಲಿ ಗ್ಯಾಸ್ ಸೋರಿ ಆಗುವ ಅನಾಹುತ ತಪ್ಪಿಸಬೇಕಿತ್ತು. ಆ ಕೆಲಸಕ್ಕೆ ಒಂದು ಸಂಖ್ಯೆ ಸಾಕು.

ವಾಸನೆ ಗುರುತಿಸಲು ಅಷ್ಟು ಸಾಲದು. ಹುರಿದ ಕಾಫಿಯ ಘಮದಲ್ಲೇ ನೂರಾರು ರಾಸಾಯನಿಕಗಳಿವೆ. ಇದೇ ಕಾಫಿ ಅಂತ ಬೆರಳು ತೋರಿಸಬಹುದಾದ ಒಂದೇ ಒಂದು ಅಣು ಅದರಲ್ಲಿಲ್ಲ. ನಮ್ಮ ಮೂಗಿನಲ್ಲಿ ವಾಸನೆಯ ಅಣುಗಳನ್ನು ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಒಂದೊಂದು ವಾಸನೆಗೆ ಅವುಗಳಲ್ಲಿ ಬೇರೆ ಬೇರೆ ಗುಂಪು ಎಚ್ಚರವಾಗುತ್ತದೆ, ಆ ಗುಂಪನ್ನು ನೋಡಿ ಮೆದುಳು ವಾಸನೆಗೆ ಹೆಸರು ಕೊಡುತ್ತದೆ. 1982ರಲ್ಲಿ ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾದ್ ಮತ್ತು ಜಾರ್ಜ್ ಡಾಡ್ ಇದೇ ದಾರಿ ಹಿಡಿದರು. ಮೂರು ಸೆನ್ಸರ್ ಜೋಡಿಸಿ, ಮೂರರ ಉತ್ತರವನ್ನೂ ಒಟ್ಟಿಗೆ ನೋಡಿ ವಾಸನೆಗಳನ್ನು ಬೇರ್ಪಡಿಸಿ ತೋರಿಸಿದರು. ಯಾವ ಸೆನ್ಸರೂ ಒಂದೇ ವಾಸನೆಗೆ ಮೀಸಲಾಗಿರಲಿಲ್ಲ. ಎಲ್ಲವೂ ಎಲ್ಲಕ್ಕೂ ಅಷ್ಟಿಷ್ಟು ಪ್ರತಿಕ್ರಿಯಿಸುತ್ತಿದ್ದವು, ಆದರೆ ಬೇರೆ ಬೇರೆ ಪ್ರಮಾಣದಲ್ಲಿ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದೇ.

[ಪರದೆಯಲ್ಲಿ: ಮೂರು ಸೆನ್ಸರ್‌ಗಳ ಜೋಡಣೆ]

ನಾವೂ ಇದೇ ತವರದ ಆಕ್ಸೈಡ್ ಬಗೆಯ ಮೂರು ಸೆನ್ಸರ್ ತೆಗೆದುಕೊಳ್ಳೋಣ, ಅವುಗಳ ಮಾದರಿ ಹೆಸರು ಎಂಕ್ಯೂ-2, ಎಂಕ್ಯೂ-3, ಎಂಕ್ಯೂ-135. ಒಂದೊಂದರ ಹೀಟರ್‌ಗೂ ಸುಮಾರು 150 ಮಿಲಿಆಂಪ್ ಬೇಕು, ಹಾಗಾಗಿ ರೀಡಿಂಗ್ ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್‌ನಿಂದ ಕರೆಂಟ್ ಎಳೆಯಬೇಡಿ, ಬೇರೆ 5 ವೋಲ್ಟ್ ಸಪ್ಲೈ ಕೊಡಿ. ಬೋರ್ಡ್ ಇಎಸ್‌ಪಿ-32 ಎಂಬ ಮಾದರಿಯದ್ದಾದರೆ ಅದರ ಪಿನ್ 3.3 ವೋಲ್ಟ್‌ಗಿಂತ ಹೆಚ್ಚು ತಾಳುವುದಿಲ್ಲ. ಮಧ್ಯೆ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಇಳಿಸಿಕೊಳ್ಳಿ. ಹೊಸ ಸೆನ್ಸರನ್ನು ಒಂದೆರಡು ದಿನ ಆನ್ ಮಾಡಿ ಬಿಡಿ, ಆಮೇಲೇ ರೀಡಿಂಗ್ ನಂಬಿ. ಇನ್ನೊಂದು ಮಾತು. ಡಬ್ಬಿ ಅಂಟಿಸಲು ಸಿಲಿಕೋನ್ ಗಮ್ ಬಳಸಲೇಬೇಡಿ. ಅದರ ಆವಿ ಸೆನ್ಸರ್ ಮೇಲೆ ಕೂತರೆ ಸೆನ್ಸರ್ ಕೆಟ್ಟೇ ಹೋಗುತ್ತದೆ.

ಈಗ ಡೇಟಾ. ಮೊದಲು ಒಂದು ನಿಮಿಷ ಬರೀ ಗಾಳಿ, ಆಮೇಲೆ ಎರಡು ನಿಮಿಷ ಕಾಫಿ, ಆಮೇಲೆ ಗೆರೆ ಮೊದಲಿದ್ದ ಜಾಗಕ್ಕೆ ವಾಪಸ್ ಬರುವವರೆಗೆ ಮತ್ತೆ ಗಾಳಿ. ರೀಡಿಂಗನ್ನು ಹಾಗೇ ಬಳಸಬೇಡಿ. ಗಾಳಿಯಲ್ಲಿದ್ದ ರೆಸಿಸ್ಟೆನ್ಸ್‌ನಿಂದ ಭಾಗಿಸಿ. ಗಾಳಿಯಲ್ಲಿ 50 ಕಿಲೋಓಮ್ ಇದ್ದು ಕಾಫಿಗೆ 30ಕ್ಕೆ ಇಳಿದರೆ ನಮಗೆ ಬೇಕಾದ್ದು 0.6. ಇದರ ಜೊತೆಗೆ ಎಷ್ಟು ಬೇಗ ಇಳಿಯಿತು, ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎನ್ನುವುದನ್ನೂ ಬರೆದಿಟ್ಟುಕೊಳ್ಳಿ. ಮೂರು ಸೆನ್ಸರ್, ತಲಾ ಮೂರು ಸಂಖ್ಯೆ, ಒಟ್ಟು ಒಂಬತ್ತು. ಒಂದು ಸಲ ಮೂಸಿದ್ದಕ್ಕೆ ಒಂದು ಸಾಲು. ಕಾಫಿ, ಸ್ಯಾನಿಟೈಸರ್, ಕಳಿತ ಬಾಳೆಹಣ್ಣು, ಬರೀ ಗಾಳಿ, ಈ ನಾಲ್ಕಕ್ಕೂ ಇಂಥ ಸಾಲುಗಳು ಬೇಕು.

ಮಾಡೆಲ್, ಅಂದರೆ ಈ ಸಾಲುಗಳಿಂದ ಕಲಿತು ವಾಸನೆ ಹೇಳುವ ಪ್ರೋಗ್ರಾಂ, ಅದನ್ನು ಟ್ರೈನ್ ಮಾಡುವುದು ಸುಲಭ. ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಕೆಲವೇ ಸಾಲಿನ ಕೋಡ್. ಹೊಸ ಸಾಲು ಬಂದಾಗ ಹಳೆಯ ಸಾಲುಗಳಲ್ಲಿ ಅದಕ್ಕೆ ತೀರಾ ಹತ್ತಿರವಿರುವ ಐದನ್ನು ಹುಡುಕು, ಆ ಐದರಲ್ಲಿ ಹೆಚ್ಚಿನವು ಏನು ಹೇಳುತ್ತವೋ ಅದೇ ಉತ್ತರ. ಶುರು ಮಾಡಲು ಈ ವಿಧಾನ ಸಾಕು. ನ್ಯೂರಲ್ ನೆಟ್‌ವರ್ಕ್‌ನಂಥ ದೊಡ್ಡ ವಿಧಾನಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಕಷ್ಟ ಇರುವುದು ಬೇರೆ ಕಡೆ, ಇಲ್ಲಿ ದಯವಿಟ್ಟು ನಿಧಾನವಾಗಿ ನೋಡಿ.

[ಪರದೆಯಲ್ಲಿ: ಎರಡು ದಿನಗಳ ಗ್ರಾಫ್, ಒಂದರ ಮೇಲೊಂದು]

ಕಾಫಿಯ ಡೇಟಾ ಎಲ್ಲಾ ಸೋಮವಾರ ತೆಗೆದಿರಿ, ಬಾಳೆಹಣ್ಣಿನದ್ದು ಮಂಗಳವಾರ. ಮಂಗಳವಾರ ಮಳೆ ಬಂತು. ಗಾಳಿಯಲ್ಲಿ ತೇವ ಹೆಚ್ಚಾದರೂ ಸೆನ್ಸರ್‌ನ ರೆಸಿಸ್ಟೆನ್ಸ್ ಇಳಿಯುತ್ತದೆ. ಈಗ ನಿಮ್ಮ ಮಾಡೆಲ್ ಬಾಳೆಹಣ್ಣನ್ನು ಕಲಿಯಿತೋ, ಮಳೆಯನ್ನು ಕಲಿಯಿತೋ? ಪರದೆ ಮೇಲೆ ನೂರಕ್ಕೆ ಹತ್ತಿರದ ಅಂಕ ಕಾಣುತ್ತದೆ, ಬುಧವಾರ ಎಲ್ಲಾ ತಪ್ಪಾಗುತ್ತದೆ. ಆದ್ದರಿಂದ ಪ್ರತಿ ದಿನ ಎಲ್ಲಾ ವಾಸನೆಗಳನ್ನೂ ತೆಗೆಯಿರಿ, ಕ್ರಮ ಬದಲಿಸುತ್ತಾ ಇರಿ, ತೇವ ಅಳೆಯುವ ಸೆನ್ಸರ್ ಒಂದನ್ನು ಜೊತೆಗಿಡಿ.

ಪರೀಕ್ಷೆಯಲ್ಲೂ ಇಂಥದೇ ತೊಡಕಿದೆ. ಸೆಕೆಂಡಿಗೆ ಒಂದು ರೀಡಿಂಗ್ ಅಂತ ಎರಡು ನಿಮಿಷಕ್ಕೆ 120 ಸಾಲು ಮಾಡಿಕೊಂಡು, ಅವನ್ನು ಕಲಸಿ, ಒಂದಷ್ಟನ್ನು ಕಲಿಕೆಗೆ, ಒಂದಷ್ಟನ್ನು ಪರೀಕ್ಷೆಗೆ ಹಂಚುವವರು ತುಂಬಾ ಜನ. 57ನೇ ಸೆಕೆಂಡಿನ ರೀಡಿಂಗ್‌ಗೂ 58ನೇ ಸೆಕೆಂಡಿನದ್ದಕ್ಕೂ ಏನು ವ್ಯತ್ಯಾಸ? ಉತ್ತರ ಮೊದಲೇ ಹೇಳಿಕೊಟ್ಟು ಪ್ರಶ್ನೆ ಕೇಳಿದ ಹಾಗಾಯಿತು. ಪರೀಕ್ಷೆಗೆ ಇಡೀ ಒಂದು ದಿನದ ಡೇಟಾ ಬೇರೆ ಎತ್ತಿಡಿ. ಅಂಕ ಕಡಿಮೆ ಬರುತ್ತದೆ, ಬರಲಿ. ನಿಜವಾದ ಅಂಕ ಅದೇ.

ಸೆನ್ಸರ್ ತಾನೂ ಬದಲಾಗುತ್ತಾ ಹೋಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 16 ಸೆನ್ಸರ್ ಇಟ್ಟು 36 ತಿಂಗಳು ಆರು ಅನಿಲಗಳನ್ನು ಅಳೆದರು. 13,910 ಅಳತೆಗಳ ಆ ಡೇಟಾ ಈಗ ಎಲ್ಲರಿಗೂ ಉಚಿತ. ಮೊದಲ ತಿಂಗಳುಗಳಲ್ಲಿ ಕಲಿತ ಮಾಡೆಲ್‌ಗೆ ಕೊನೆಯ ತಿಂಗಳುಗಳ ಡೇಟಾ ಕೊಟ್ಟು ನೋಡಿ, ತಡವರಿಸುತ್ತದೆ. ಸೆನ್ಸರ್ ಕೊಳ್ಳುವ ಮೊದಲೇ ಅಭ್ಯಾಸ ಮಾಡಲು ಇದು ಒಳ್ಳೆಯ ದಾರಿ.

ಕೆಲಸಕ್ಕೆ ಬಂದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಚಹಾ ಎಲೆ ಹುದುಗುವಾಗ ಹಸಿ ಹುಲ್ಲಿನ ವಾಸನೆ ಹೋಗಿ ಹೂವಿನಂಥ ಘಮ ಬರುತ್ತದೆ. ಹುದುಗುವಿಕೆ ನಿಲ್ಲಿಸಬೇಕಾದ ಹೊತ್ತನ್ನು ನುರಿತವರು ಮೂಸಿಯೇ ಹೇಳುತ್ತಾರೆ. ಕೋಲ್ಕತ್ತಾದ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ ಮತ್ತು ಜಾದವಪುರ ವಿಶ್ವವಿದ್ಯಾಲಯದವರು ಸೇರಿ ಅದನ್ನು ಗುರುತಿಸಲು ಇಂಥದೇ ಸೆನ್ಸರ್‌ಗಳ ಎಲೆಕ್ಟ್ರಾನಿಕ್ ಮೂಗು ಮಾಡಿದ್ದಾರೆ.

ಕೊನೆಯದಾಗಿ ನಿಮ್ಮ ಮಾಡೆಲ್ ಮುಂದೆ ಇಂಗಿನ ಡಬ್ಬಿ ತೆರೆಯಿರಿ. ಅದಕ್ಕೆ ಇಂಗು ಕಲಿಸಿಲ್ಲ. ಆದರೂ ಗೊತ್ತಿರುವ ನಾಲ್ಕರಲ್ಲಿ ಒಂದನ್ನು ಖಂಡಿತ ಹೇಳುತ್ತದೆ. ಅದಕ್ಕೆ ಒಂದು ಮಿತಿ ಇಡಿ: ಹತ್ತಿರದ ಸಾಲೂ ಇಷ್ಟಕ್ಕಿಂತ ದೂರವಿದ್ದರೆ "ಗೊತ್ತಿಲ್ಲ" ಎನ್ನಬೇಕು. ಎತ್ತಿಟ್ಟ ದಿನದ ಡೇಟಾವನ್ನು ಇದಕ್ಕೆ ಮುಟ್ಟಬೇಡಿ. ಇನ್ನೊಂದು ದಿನ ಹೊಸದಾಗಿ ಡೇಟಾ ತೆಗೆದು ಮಿತಿ ಗೊತ್ತು ಮಾಡಿಕೊಳ್ಳಿ. ಮತ್ತೆ, ಸಿಲಿಂಡರ್ ಗ್ಯಾಸ್ ಬಿಟ್ಟು ಪರೀಕ್ಷೆ ಮಾಡಲು ಹೋಗಬೇಡಿ. ಅಡುಗೆ ಮನೆಗೆ ಪ್ರಮಾಣಿತ ಗ್ಯಾಸ್ ಅಲಾರಂ ಬೇರೆಯೇ ಇರಲಿ.

[ಪರದೆಯಲ್ಲಿ: ಸರ್ಕ್ಯೂಟ್ ಚಿತ್ರ ಮತ್ತು ಕೋಡ್]