ಅಜ್ಜಿಯ ಕನ್ನಡಕ

ಕೇಳುಗರಿಗೆ ನಮಸ್ಕಾರ.

ಮೊದಲ ಸಲ ಆ ಅಜ್ಜಿಯನ್ನು ನೋಡಲು ಹೋದಾಗ ನನ್ನ ಕೈಯಲ್ಲಿದ್ದದ್ದು ಕೋರ್ಟ್ ಆದೇಶದ ಒಂದು ಪ್ರತಿ ಮಾತ್ರ. ಅವರ ಚಿಕಿತ್ಸೆ, ಆರೈಕೆ, ವಾಸದ ವಿಷಯದಲ್ಲಿ ಅವರ ಪರವಾಗಿ ತೀರ್ಮಾನ ಮಾಡುವ ಗಾರ್ಡಿಯನ್ ನಾನು ಎಂದು ಅದರಲ್ಲಿ ಬರೆದಿತ್ತು. ನನಗೂ ಅವರಿಗೂ ರಕ್ತಸಂಬಂಧ ಇಲ್ಲ. ಇದಕ್ಕೆ ಸಂಬಳವೂ ಇಲ್ಲ. ಅವರಿಗೆ ತಮ್ಮವರು ಅಂತ ಯಾರೂ ಉಳಿದಿರಲಿಲ್ಲ, ಹಾಗಾಗಿ ನಾನು ಒಪ್ಪಿಕೊಂಡಿದ್ದೆ.

ಆರೈಕೆ ಕೇಂದ್ರದ ಫೈಲಿನಲ್ಲಿ ಒಂದು ಸಾಲು ಇತ್ತು: ‘ಹಠ ಜಾಸ್ತಿ. ಕನ್ನಡಕ ಕಿತ್ತು ಹಾಕುತ್ತಾರೆ.’ ನಾನು ಸುಮ್ನೆ ಪಕ್ಕದಲ್ಲಿ ಕೂತೆ. ನಿಜ, ನೋಡನೋಡುತ್ತಲೇ ಮೂರು ಸಲ ತೆಗೆದು ಹಾಸಿಗೆ ಮೇಲಿಟ್ಟರು. ಆಮೇಲೆ ಅದನ್ನು ನಾನೇ ಹಾಕಿಕೊಂಡು ನೋಡಿದೆ. ತಲೆ ಗಿರ್ರನೆ ತಿರುಗಿತು. ಕಡ್ಡಿಯ ಒಳಬದಿಗೆ ಒಂದು ಪುಟ್ಟ ಚೀಟಿ ಅಂಟಿಸಿತ್ತು. ಅದರ ಮೇಲೆ ಬೇರೆ ಕೋಣೆಯ ನಂಬರ್. ಕನ್ನಡಕ ಅವರದ್ದೇ ಅಲ್ಲ! ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು. ಬೇಡ ಅನ್ನಲು ಅವರಿಗೆ ಉಳಿದಿದ್ದದ್ದು ಒಂದು ಕೈ.

ಈ ಕೆಲಸ ಏನು ಅಂತ ನನಗೆ ಅರ್ಥವಾದದ್ದು ಆವತ್ತು.

ಹಣ, ಆಸ್ತಿ ನೋಡಿಕೊಳ್ಳಲು ಕೋರ್ಟ್ ಬೇರೆಯವರನ್ನೇ ನೇಮಿಸಬಹುದು. ನಿಮಗೇ ಕೊಟ್ಟರೆ ಅವರ ದುಡ್ಡು ಅವರ ಖಾತೆಯಲ್ಲೇ ಇರಬೇಕು. ಒಂದೊಂದು ರಸೀದಿಯನ್ನೂ ಇಟ್ಟುಕೊಳ್ಳಿ, ಕೋರ್ಟಿಗೆ ಲೆಕ್ಕ ಒಪ್ಪಿಸಬೇಕು. ಇದು ಶಿಸ್ತಿನ ಮಾತು, ಕಲಿತರೆ ಬರುತ್ತದೆ.

ಕಷ್ಟ ಇರುವುದು ಇನ್ನೊಂದು ಕಡೆ. ‘ನಿಮ್ಮ ಒಳ್ಳೆಯದಕ್ಕೇ’ ಎಂದು ಹೇಳಿ ಎಲ್ಲವನ್ನೂ ನಾವೇ ತೀರ್ಮಾನಿಸಿಬಿಡುವ ಆಸೆ ಇದೆಯಲ್ಲ, ಅದು ನನಗೂ ಬಂದಿದೆ. ಒಬ್ಬರಿಗೆ ಬ್ಯಾಂಕ್ ಲೆಕ್ಕ ತಿಳಿಯದೇ ಇರಬಹುದು. ಆದರೆ ಯಾರ ಜೊತೆ ಕೂರಬೇಕು, ಯಾವಾಗ ಮಲಗಬೇಕು ಅನ್ನುವುದು ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಹಿಂದೆ ಹಲವು ದೇಶಗಳಲ್ಲಿ ಗಾರ್ಡಿಯನ್ ಬಂದರೆ ಆ ವ್ಯಕ್ತಿಯ ಮಾತಿಗೆ ಬೆಲೆಯೇ ಇರುತ್ತಿರಲಿಲ್ಲ. ಜರ್ಮನಿ 1992ರಲ್ಲಿ ಆ ಪದ್ಧತಿಯನ್ನು ತೆಗೆದುಹಾಕಿ, ಎಷ್ಟು ಬೇಕೋ ಅಷ್ಟಕ್ಕೇ ನೆರವು ಎಂಬ ನಿಯಮ ತಂದಿತು. ಇಂಗ್ಲೆಂಡಿನ 2005ರ ಕಾಯ್ದೆಯಲ್ಲಿ ನನಗೆ ತುಂಬ ಇಷ್ಟವಾದ ಒಂದು ಮಾತಿದೆ: ಒಬ್ಬರು ಮಾಡಿದ ಆಯ್ಕೆ ನಮಗೆ ಬುದ್ಧಿವಂತಿಕೆಯದ್ದಾಗಿ ಕಾಣಲಿಲ್ಲ ಅನ್ನುವುದೊಂದೇ ಕಾರಣಕ್ಕೆ ಅವರಿಗೆ ತೀರ್ಮಾನ ಮಾಡುವ ಶಕ್ತಿ ಇಲ್ಲ ಎನ್ನುವಂತಿಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯೂ, ಕಾನೂನಿನ ಮುಂದೆ ಅವರು ಉಳಿದವರಷ್ಟೇ ಸಮಾನರು ಎನ್ನುತ್ತದೆ.

ಅದಕ್ಕೇ ಡಾಕ್ಟರ್ ಸಹಿಗೆ ಕಾಗದ ಚಾಚಿದಾಗ ನಾನು ಮೊದಲು ಅಜ್ಜಿಯ ಮುಖ ನೋಡುತ್ತೇನೆ. ನಿಧಾನವಾಗಿ ಕೇಳುತ್ತೇನೆ, ಕಾಯುತ್ತೇನೆ. ಉತ್ತರ ತಿಳಿಯದಿದ್ದರೆ ಅವರನ್ನು ಬಲ್ಲ ಹಳೆಯ ಪರಿಚಯದವರನ್ನು ವಿಚಾರಿಸುತ್ತೇನೆ. ನಿಮಗೂ ಈ ಕೆಲಸಕ್ಕೆ ಮನಸ್ಸಿದ್ದರೆ ಕಾನೂನು ಓದಿರಲೇಬೇಕು ಎಂದೇನಿಲ್ಲ. ಹೇಳದೆ ಹೋಗಿ ಭೇಟಿಯಾಗಿ, ಹೊತ್ತು ಬದಲಿಸಿ ಹೋಗಿ. ಮಧ್ಯಾಹ್ನ ಕಾಣದ್ದು ಸಂಜೆ ಕಾಣುತ್ತದೆ. ಒಂದೆರಡು ತಿಂಗಳಿಗೆ ಬಿಟ್ಟುಹೋಗುವಂತಿದ್ದರೆ ಮಾತ್ರ ದಯವಿಟ್ಟು ಒಪ್ಪಿಕೊಳ್ಳಬೇಡಿ. ಅವರನ್ನು ಬಿಟ್ಟುಹೋದವರು ಈಗಾಗಲೇ ಸಾಕಷ್ಟು ಜನ ಇದ್ದಾರೆ.

ಅಜ್ಜಿಯ ಸ್ವಂತ ಕನ್ನಡಕ ಬೇರೆ ಕೋಣೆಯ ಡ್ರಾಯರ್‌ನಲ್ಲಿ ಸಿಕ್ಕಿತು. ಒರೆಸಿ ಹಾಕಿದೆ. ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಆಮೇಲೆ ಕೈ ಎತ್ತಿ ಕಿಟಕಿಯ ಪರದೆ ತೋರಿಸಿದರು. ಸರಿಸಿದೆ.

ಆ ವರ್ಷ ಕೋರ್ಟಿಗೆ ಕೊಟ್ಟ ವರದಿಯಲ್ಲಿ ಔಷಧಗಳ ಪಟ್ಟಿಯ ಕೆಳಗೆ ಬರೆದೆ: ‘ಕನ್ನಡಕ ತೆಗೆಯುವುದಿಲ್ಲ. ಹಾಸಿಗೆಯನ್ನು ಕಿಟಕಿ ಕಡೆ ತಿರುಗಿಸಲಾಗಿದೆ.’

ನಮಸ್ಕಾರ.